ಧ್ವಜ ಸುಟ್ಟವನ ಪರ ನಿಂತ ಸಂಪ್ರದಾಯವಾದಿ

ಪ್ರಶ್ನೆ: ಅಮೆರಿಕದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಹೆಸರೆತ್ತಿದರೆ ನಮ್ಮ ಕ್ಲಾಸಲ್ಲಿ ಅರ್ಧ ಜನ ಕೈಮುಗಿಯುತ್ತಾರೆ, ಅರ್ಧ ಜನ ಬೈಯುತ್ತಾರೆ. ಸತ್ತು ಇಷ್ಟು ವರ್ಷವಾದರೂ ಯಾಕೆ ಈ ಜಗಳ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಜಗಳ ಶುರು ಹಚ್ಚಿದ್ದೇ ಅವರಲ್ವಾ! ತಮಾಷೆ ಅಂದ್ರೆ 1986ರಲ್ಲಿ ಅಧ್ಯಕ್ಷ ರೇಗನ್ ಸ್ಕಾಲಿಯಾರನ್ನು ಸುಪ್ರೀಂ ಕೋರ್ಟಿಗೆ ಆರಿಸಿದಾಗ, ಒಪ್ಪಿಗೆ ಕೊಡಬೇಕಾದ ಸೆನೆಟ್‌ನಲ್ಲಿ (ಅಲ್ಲಿನ ಮೇಲ್ಮನೆ) ಬಿದ್ದದ್ದು 98–0 ಮತ. ಅಲ್ಲಿನ ಜಡ್ಜುಗಳಿಗೆ ನಮ್ಮ ಸುಪ್ರೀಂ ಕೋರ್ಟಿನ ಹಾಗೆ 65ಕ್ಕೆ ನಿವೃತ್ತಿ ಇಲ್ಲ. 2016ರಲ್ಲಿ, 79ನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ಅದೇ ಕುರ್ಚಿಯಲ್ಲಿದ್ದರು.

ಅವರ ಹಟ ಒಂದೇ. ಸಂವಿಧಾನವನ್ನು ಒಪ್ಪಿಕೊಂಡ ಕಾಲದ ಜನ ಅದರ ಮಾತಿಗೆ ಯಾವ ಅರ್ಥ ಕೊಟ್ಟಿದ್ದರೋ ಇವತ್ತಿಗೂ ಅದೇ ಅರ್ಥ. ಬದಲಾಗಬೇಕು ಅನ್ನಿಸಿದರೆ ಜನ ಓಟು ಹಾಕಿ ಬದಲಾಯಿಸಲಿ, ಜಡ್ಜುಗಳಿಗೆ ಯಾಕೆ ಆ ಉಸಾಬರಿ ಅನ್ನೋದು. ಗರ್ಭಪಾತದ ಹಕ್ಕನ್ನು, ಸಲಿಂಗ ವಿವಾಹವನ್ನು ವಿರೋಧಿಸಿದ್ದು ಇದೇ ವಾದದ ಮೇಲೆ. 1992ರಲ್ಲಿ ಗರ್ಭಪಾತಕ್ಕೆ ಹಕ್ಕು ಕೊಟ್ಟಿದ್ದ ಹಳೇ ತೀರ್ಪು ರದ್ದಾಗಲಿ ಅಂತ ಬರೆದಾಗ ಸೋತರು. 2022ರಲ್ಲಿ ಅದು ರದ್ದಾಯಿತು, ಆ ಬಹುಮತದಲ್ಲಿ ಒಂದು ಕಾಲಕ್ಕೆ ಅವರ ಕೈಕೆಳಗೆ ಕ್ಲರ್ಕ್ (ಜಡ್ಜಿನ ಕಾನೂನು ಸಹಾಯಕಿ) ಆಗಿದ್ದ ಏಮಿ ಕೋನಿ ಬ್ಯಾರೆಟ್ ಕೂಡ ಇದ್ದರು. ಜಗಳ ಆರದಿರೋದಕ್ಕೆ ಇದಕ್ಕಿಂತ ಕಾರಣ ಬೇಕಾ?

ಪ್ರಶ್ನೆ: ಅಂದ್ರೆ ಅವರು ಪೊಲೀಸರ ಪರ, ಸರ್ಕಾರದ ಪರ ಅಂತಾಯ್ತಲ್ಲ?
– ಓದುಗರು, ತುಮಕೂರು

ಉತ್ತರ: ಅಲ್ಲಿ ಎಡವಬೇಡಿ. 1989ರಲ್ಲಿ ಅಮೆರಿಕದ ಧ್ವಜ ಸುಟ್ಟವನಿಗೆ ಶಿಕ್ಷೆ ಕೊಡುವಂತಿಲ್ಲ ಅಂತ 5–4ರಲ್ಲಿ ತೀರ್ಪಾಯಿತು. ಆ ಐವರಲ್ಲಿ ಸ್ಕಾಲಿಯಾ ಒಬ್ಬರು! ಧ್ವಜ ಸುಡೋರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ, ನಾನೇ ರಾಜನಾಗಿದ್ದರೆ ಜೈಲಿಗೆ ಹಾಕುತ್ತಿದ್ದೆ ಅಂತ ಆಮೇಲೆ ಹೇಳಿಕೊಂಡು ತಿರುಗಿದರು.

ಇನ್ನೊಂದು, 2001ರ ಕೈಲೋ ಕೇಸು. ಆರೆಗನ್‌ನ ಒಂದು ಮನೆಯೊಳಗೆ ದೊಡ್ಡ ದೀಪ ಹಾಕಿ ಗಾಂಜಾ ಬೆಳೀತಿದ್ದಾರೆ ಅಂತ ಗುಮಾನಿ. ಅಧಿಕಾರಿಗಳು ಬೀದಿಯಲ್ಲಿ ಕಾರೊಳಗೆ ಕೂತು, ಶಾಖ ತೋರಿಸುವ ಯಂತ್ರವನ್ನು ಮನೆ ಕಡೆ ಹಿಡಿದರು. ಗ್ಯಾರೇಜಿನ ಮಾಡು ಉಳಿದದ್ದಕ್ಕಿಂತ ಬಿಸಿ ಇದೆ ಅಂತ ಗೊತ್ತಾಯಿತು, ಆಮೇಲೆ ವಾರಂಟ್ ತಂದರು. ವಾರಂಟ್ ಇಲ್ಲದೆ ಯಂತ್ರ ಹಿಡಿದದ್ದೇ ತಪ್ಪು ಅಂದರು ಸ್ಕಾಲಿಯಾ. ಹೀಗೆ ಬಿಟ್ಟರೆ ಮನೆಯ ಹೆಂಗಸು ರಾತ್ರಿ ಎಷ್ಟು ಹೊತ್ತಿಗೆ ಸ್ನಾನ ಮಾಡ್ತಾಳೆ ಅನ್ನೋದೂ ಗೊತ್ತಾದೀತು ಅನ್ನೋದು ಅವರ ಉದಾಹರಣೆ.

ನನಗೆ ಒಪ್ಪದಿರೋದು ಬೇರೆ. ಹಳೇ ಅರ್ಥ ಹುಡುಕೋರೂ ಜಡ್ಜುಗಳೇ ತಾನೆ? 2008ರ ಹೆಲ್ಲರ್ ಕೇಸಿನಲ್ಲಿ ಅದೇ ಇತಿಹಾಸ ಓದಿ ಸ್ಕಾಲಿಯಾ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳೋದು ವ್ಯಕ್ತಿಯ ಹಕ್ಕು ಅಂದರು, ನ್ಯಾಯಮೂರ್ತಿ ಸ್ಟೀವನ್ಸ್ ಉಲ್ಟಾ ಬರೆದರು.

ಪ್ರಶ್ನೆ: ಎದುರು ಬಣದ ನ್ಯಾಯಮೂರ್ತಿ ರುತ್ ಗಿನ್ಸ್‌ಬರ್ಗ್ ಜೊತೆ ಸ್ಕಾಲಿಯಾ ಸ್ನೇಹ ನಿಜವಾ, ಸುಮ್ನೆ ಕತೆನಾ?
– ಓದುಗರು, ಮೈಸೂರು

ಉತ್ತರ: ನಿಜ. ಇಬ್ಬರಿಗೂ ಆಪೆರಾ ಹುಚ್ಚು. 1996ರಲ್ಲಿ ಗಂಡಸರಿಗೆ ಮಾತ್ರ ಸೀಟಿದ್ದ ವರ್ಜೀನಿಯಾದ ಮಿಲಿಟರಿ ಕಾಲೇಜಿನ ಬಾಗಿಲು ಹೆಂಗಸರಿಗೂ ತೆರೆಯಬೇಕು ಅಂತ ಗಿನ್ಸ್‌ಬರ್ಗ್ ತೀರ್ಪು ಬರೆದಾಗ, ವಿರೋಧಿಸಿದವರು ಸ್ಕಾಲಿಯಾ ಒಬ್ಬರೇ. ಆದರೆ ತಮ್ಮ ಕರಡನ್ನು ಮುಂಚೆಯೇ ಆಕೆಯ ಕೈಗೆ ಕೊಟ್ಟರು. ವಾರಾಂತ್ಯ ಹಾಳಾಯಿತು, ತೀರ್ಪು ಮಾತ್ರ ಗಟ್ಟಿಯಾಯಿತು ಅಂತ ಆಕೆಯೇ ಹೇಳಿಕೊಂಡಿದ್ದಾರೆ.

1994ರಲ್ಲಿ ಇಬ್ಬರೂ ರಾಜಸ್ಥಾನದಲ್ಲಿ ಆನೆ ಹತ್ತಿದ ಫೋಟೊ ಇದೆ. ಸ್ಕಾಲಿಯಾ ಮುಂದೆ, ಗಿನ್ಸ್‌ಬರ್ಗ್ ಹಿಂದೆ. ಹಿಂದೆ ಯಾಕೆ ಕೂತಿರಿ ಅಂತ ಸ್ತ್ರೀವಾದಿ ಗೆಳತಿಯರು ಕಾಲೆಳೆದರೆ, ಆನೆ ಮೇಲೆ ಭಾರ ಸಮವಾಗಬೇಕಲ್ಲ ಅನ್ನುತ್ತಿದ್ದರಂತೆ.