ಶಿಡ್ಲಘಟ್ಟದ ನಮ್ಮ ರೇಷ್ಮೆ ಹುಳುಮನೆಯಲ್ಲಿ ಇಟ್ಟ ರೇಡಿಯೊ, ಹೊಸ ಸೆಲ್ ಹಾಕಿದರೂ ಜೋರು ಮಾಡಿದರೆ ಯಾಕೆ ನಿಂತುಹೋಗುತ್ತದೆ?

ಹೆಚ್ಚಾಗಿ ತಪ್ಪು ಸೆಲ್ಲಿನದಲ್ಲ, ಸೆಲ್ ಕೂರುವ ಸ್ಪ್ರಿಂಗಿನದು. ಶಿಡ್ಲಘಟ್ಟದ ಹುಳುಮನೆಯಲ್ಲಿ ಇಟ್ಟ ರೇಡಿಯೊ ಅಂದಿರಿ. ಅಲ್ಲಿನ ತೇವಕ್ಕೂ, ಹುಳುಗಳಿಗೆ ರೋಗ ಬಾರದಂತೆ ಹಾಕುವ ಬ್ಲೀಚಿಂಗ್ ಪೌಡರಿಗೂ ಲೋಹ ಬೇಗ ಕಿಲುಬು ಹಿಡಿಯುತ್ತದೆ.

ಎರಡು ಪೆನ್ಸಿಲ್ ಸೆಲ್ ಸೇರಿ 3 ವೋಲ್ಟ್. ದನಿ ಸಣ್ಣಗಿದ್ದಾಗ ರೇಡಿಯೊ ಎಳೆಯುವ ಕರೆಂಟ್ ಕಡಿಮೆ, ಕಿಲುಬಿನ ಪದರ ದಾಟಿ ಹೇಗೋ ಬರುತ್ತದೆ. ಜೋರು ಮಾಡಿದರೆ ಕರೆಂಟ್ ಹೆಚ್ಚು ಬೇಕು, ಆಗ ವೋಲ್ಟೇಜ್ ಆ ಪದರದಲ್ಲೇ ಕಳೆದುಹೋಗುತ್ತದೆ. ಸೆಲ್ಲನ್ನು ಹೊರಗೆ ತೆಗೆದು ಮೀಟರ್ ಹಿಡಿದರೆ ಇದು ಗೊತ್ತಾಗುವುದಿಲ್ಲ. ರೇಡಿಯೊ ಜೋರಾಗಿ ಹಾಡುತ್ತಿರುವಾಗಲೇ, ಸ್ಪ್ರಿಂಗಿಗೆ ತಂತಿ ಬೆಸುಗೆಯಾದ ಜಾಗದಲ್ಲಿ ಅಳೆಯಿರಿ. 2 ವೋಲ್ಟ್ ಹತ್ತಿರ ಇಳಿದರೆ ಸ್ಪ್ರಿಂಗನ್ನೇ ನೋಡಿ.

ಸೆಲ್ ತೆಗೆದು, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಪುಡಿ ಉದುರಿಸಿ. ಆಲ್ಕಲೈನ್ ಸೆಲ್ ಸೋರಿದ ಬಿಳಿ ಪುಡಿಯಾದರೆ ಹತ್ತಿಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿ, ಸಣ್ಣಗೆ ನೊರೆ ಏಳುತ್ತದೆ. ಸಾಮಾನ್ಯ ಅಗ್ಗದ ಸೆಲ್ಲಿನ ಸೋರಿಕೆ ಹುಳಿ ಗುಣದ್ದು, ಅದಕ್ಕೆ ಅಡುಗೆ ಸೋಡಾದ ನೀರು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ಹೊಳಪು ಬರುವ ತನಕ ತಿಕ್ಕಿ. ಒರಟು ಉಪ್ಪುಕಾಗದ ಮಾತ್ರ ಬೇಡ, ಮೇಲಿನ ಲೇಪ ಕಿತ್ತುಹೋಗಿ ತುಕ್ಕು ಮತ್ತೆ ಬರುತ್ತದೆ. ಸ್ಪ್ರಿಂಗ್ ಕುಗ್ಗಿದ್ದರೆ 2-3 ಮಿ.ಮೀ. ಎಳೆಯಿರಿ. ಅದರ ಬುಡದ ತಂತಿಯೇ ಹಸಿರಾಗಿದ್ದರೆ, ಆ ತುದಿ ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿಸಬೇಕು.

ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹಾಕುವ ದಿನ ರೇಡಿಯೊ ಹೊರಗಿಡಿ.