ಸಂಶೋಧನಾ ಸಮಸ್ಯೆಯ ಆಯ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ಮೊಬೈಲ್ ಬಳಕೆ ಮತ್ತು ಮಕ್ಕಳ ಓದು’ ಎಂಬ ವಿಷಯದ ಮೇಲೆ ಪಿಎಚ್.ಡಿ.ಗಾಗಿ ಸಾರಲೇಖ (ಸಂಶೋಧನಾ ಯೋಜನೆಯ ಸಂಕ್ಷಿಪ್ತ ಬರಹ) ಸಿದ್ಧಪಡಿಸಿ ಒಪ್ಪಿಸಿದ್ದೆ. ಇದು ವಿಷಯವೇ ಹೊರತು ಸಂಶೋಧನಾ ಸಮಸ್ಯೆಯಲ್ಲ ಎಂದು ಮಾರ್ಗದರ್ಶಕರು ಹಿಂದಿರುಗಿಸಿದ್ದಾರೆ. ಇವೆರಡಕ್ಕೂ ಇರುವ ವ್ಯತ್ಯಾಸವೇನು?

ಉತ್ತರ: ನಿಮ್ಮ ಮಾರ್ಗದರ್ಶಕರ ಮಾತು ಸರಿ; ಕಾರಣವನ್ನೂ ಹೇಳಿ ಕಳುಹಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ವಿಷಯದ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸಮಸ್ಯೆ ಹುಟ್ಟುವುದು ನಮಗೆ ತಿಳಿದಿರುವ ಎರಡು ಸಂಗತಿಗಳು ಒಂದಕ್ಕೊಂದು ಹೊಂದದಿರುವಾಗ, ಅಥವಾ ಪರಿಸ್ಥಿತಿ ಒಂದೇ ಆಗಿದ್ದರೂ ಫಲ ಬೇರೆಯಾಗಿ, ಈವರೆಗಿನ ವಿವರಣೆಗಳು ಅದಕ್ಕೆ ಸಾಲದೆ ಹೋದಾಗ.

ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ಉದಾಹರಣೆಯನ್ನು ನೋಡಿ. ಬಾಣಂತಿ ಜ್ವರದಿಂದ ತಾಯಂದಿರು ಏಕೆ ಸಾಯುತ್ತಾರೆ ಎಂಬುದು ಆಗ ಎಲ್ಲರೂ ಚರ್ಚಿಸುತ್ತಿದ್ದ ವಿಷಯ. ಗಾಳಿ, ಹವಾಮಾನ, ಜನಸಂದಣಿ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಿದ್ದರು. ಸೆಮ್ಮೆಲ್‌ವೈಸ್ ಹಿಡಿದದ್ದು ಅದಕ್ಕಿಂತ ಬಹಳ ಕಿರಿದಾದ ಪ್ರಶ್ನೆಯನ್ನು. ಅದೇ ಆಸ್ಪತ್ರೆಯಲ್ಲಿ ಹೆರಿಗೆಯ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲ ವಿಭಾಗದ ಸಾವಿನ ಪ್ರಮಾಣ ಶೇ. 11.4 ಇದ್ದರೆ ಎರಡನೆಯದರಲ್ಲಿ ಶೇ. 2.8 ಮಾತ್ರ ಇತ್ತು. ಈ ಅಂತರಕ್ಕೆ ಕಾರಣವೇನು ಎಂದು ಕೇಳಿದೊಡನೆ ಹಳೆಯ ವಿವರಣೆಗಳು ಒಂದೊಂದಾಗಿ ಕಳಚಿಬಿದ್ದವು: ಹವಾಮಾನ ಎರಡಕ್ಕೂ ಒಂದೇ, ಜನಸಂದಣಿಯಾದರೋ ಕಡಿಮೆ ಸಾವಿದ್ದ ವಿಭಾಗದಲ್ಲೇ ಹೆಚ್ಚು. 1847ರಲ್ಲಿ, ಶವಪರೀಕ್ಷೆಯ ವೇಳೆ ಚಾಕು ತಗುಲಿದ ಸಹೋದ್ಯೋಗಿಯೊಬ್ಬರು ಬಾಣಂತಿ ಜ್ವರದಂತಹುದೇ ಲಕ್ಷಣಗಳಿಂದ ತೀರಿಕೊಂಡಾಗ, ಶವಗಳನ್ನು ಮುಟ್ಟಿದ ವಿದ್ಯಾರ್ಥಿಗಳ ಕೈಗಳೇ ಕಾರಣವಿರಬೇಕೆಂದು ಅವರಿಗೆ ಹೊಳೆಯಿತು. ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈತೊಳೆಯುವುದನ್ನು ಕಡ್ಡಾಯಗೊಳಿಸಿದ ಮೇಲೆ ಸಾವುಗಳು ತೀರ ಇಳಿದವು. ಸಹೋದ್ಯೋಗಿಯ ಸಾವಿನ ಅರ್ಥ ಅವರಿಗೆ ಹೊಳೆದದ್ದು ಅದೃಷ್ಟದಿಂದಲ್ಲ; ಎರಡು ವಿಭಾಗಗಳ ಅಂತರವನ್ನು ಅವರು ಮೊದಲೇ ಪ್ರಶ್ನೆಯಾಗಿಸಿಕೊಂಡಿದ್ದರು.

ಈಗ ನಿಮ್ಮ ವಿಷಯಕ್ಕೆ ಬರೋಣ. ದಿನಕ್ಕೆ ಹೆಚ್ಚುಕಡಿಮೆ ಒಂದೇ ಅವಧಿಯವರೆಗೆ ಮೊಬೈಲ್ ಬಳಸುವ, ಒಂದೇ ತರಗತಿಯ ಮಕ್ಕಳಲ್ಲಿ ಕೆಲವರು ಓದಿದ್ದನ್ನು ಚೆನ್ನಾಗಿ ಗ್ರಹಿಸುತ್ತಾರೆ, ಕೆಲವರು ಗ್ರಹಿಸುವುದಿಲ್ಲ ಎಂದಾದರೆ, ಆ ವ್ಯತ್ಯಾಸಕ್ಕೂ ಮಲಗುವ ಮುನ್ನಿನ ಬಳಕೆಗೂ ಸಂಬಂಧವಿದೆಯೇ ಎಂದು ಕೇಳಬಹುದು. ಇದು ಉತ್ತರ ಹುಡುಕಬಹುದಾದ ಪ್ರಶ್ನೆ. ಆದರೂ ಇಷ್ಟಕ್ಕೇ ಸಮಸ್ಯೆಯ ನಿರೂಪಣೆ ಮುಗಿಯುವುದಿಲ್ಲ. ‘ಓದು’ ಎಂದರೆ ಓದುವ ವೇಗವೋ, ಗ್ರಹಿಕೆಯೋ, ಪರೀಕ್ಷೆಯ ಅಂಕವೋ ಎಂಬುದನ್ನು ನೀವು ಮೊದಲೇ ನಿರ್ಧರಿಸಬೇಕು, ಏಕೆಂದರೆ ಈ ಮೂರನ್ನೂ ಅಳೆಯುವ ಸಾಧನಗಳು ಬೇರೆಬೇರೆ. ಬಳಕೆಯ ಅವಧಿಯನ್ನು ಮಕ್ಕಳನ್ನೇ ಕೇಳಿ ಬರೆದುಕೊಳ್ಳುವಿರೋ ಅಥವಾ ಫೋನಿನಲ್ಲೇ ದಾಖಲಾಗುವ ಅಂಕಿಗಳನ್ನು ಪಡೆಯುವಿರೋ ಎಂಬುದೂ ಸಣ್ಣ ವಿಚಾರವಲ್ಲ. ನೆನಪಿನಿಂದ ಹೇಳುವ ಅವಧಿ ನಿಜವಾದ ಬಳಕೆಗೆ ಹೊಂದದಿರುವುದೇ ಹೆಚ್ಚು. ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಒಮ್ಮೆ ಮಾತ್ರ ನಡೆಸಿದ ಸಮೀಕ್ಷೆಯಿಂದ ಸಂಬಂಧ ತಿಳಿದೀತೇ ಹೊರತು ಕಾರಣ ತಿಳಿಯದು: ಮೊಬೈಲಿನಿಂದ ಓದು ಕುಗ್ಗಿರಬಹುದು, ಓದು ಕಷ್ಟವಾದ ಮಕ್ಕಳೇ ಮೊಬೈಲಿನತ್ತ ತಿರುಗಿರಲೂಬಹುದು. ಆದ್ದರಿಂದ ಶೀರ್ಷಿಕೆಯಲ್ಲಿ ‘ಪರಿಣಾಮ’ ಎಂಬ ಪದವನ್ನು ಬಳಸುವ ಮೊದಲು ನಿಮ್ಮ ಅಧ್ಯಯನದ ವಿನ್ಯಾಸ ಆ ಪದಕ್ಕೆ ಆಧಾರ ಕೊಡುತ್ತದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನಾನು ಆರಿಸಿಕೊಂಡ ಸಮಸ್ಯೆಯ ಮೇಲೆ ಈಗಾಗಲೇ ಒಂದು ಮಹಾಪ್ರಬಂಧ ಬಂದಿರುವುದು ತಿಳಿಯಿತು. ಕೈಬಿಡಬೇಕೇ?

ಉತ್ತರ: ಅದನ್ನು ಪೂರ್ತಿ ಓದುವವರೆಗೆ ಬೇಡ. ಶೀರ್ಷಿಕೆ ಒಂದೇ ಆಗಿದ್ದರೂ ಆಕರ, ಅವಧಿ ಅಥವಾ ವಿಧಾನ ಬೇರೆಯಾಗಿರಬಹುದು. ತೀರ್ಮಾನಕ್ಕೆ ಆಧಾರ ದುರ್ಬಲವಾಗಿದ್ದರೆ ಅದನ್ನು ಮರುಪರಿಶೀಲಿಸುವುದೂ ಯೋಗ್ಯವಾದ ಸಂಶೋಧನೆಯೇ. ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು ‘ಈ ಬಗ್ಗೆ ಈವರೆಗೆ ಯಾರೂ ಸಂಶೋಧನೆ ಮಾಡಿಲ್ಲ’ ಎಂದು ಆರಂಭವಾಗುವ ಸಾರಲೇಖಗಳು. ಯಾರೂ ಮಾಡದಿರಲು ಆಕರಗಳ ಕೊರತೆಯೂ ಕಾರಣವಾಗಿರಬಹುದು, ಉತ್ತರದಿಂದ ಯಾರ ತಿಳಿವಳಿಕೆಯೂ ಬದಲಾಗದೆಂಬುದೂ ಕಾರಣವಾಗಿರಬಹುದು. ಹಿಂದಿನವರು ಎಲ್ಲಿಯವರೆಗೆ ಬಂದು ಏಕೆ ನಿಂತರು ಎಂಬುದನ್ನು ಒಂದು ಪುಟದಲ್ಲಿ ಬರೆಯಲು ನಿಮಗೆ ಸಾಧ್ಯವಾದರೆ, ನಿಮ್ಮ ಸಮಸ್ಯೆ ಬಹುಮಟ್ಟಿಗೆ ಆ ಪುಟದ ಕೊನೆಯಲ್ಲೇ ಸಿಗುತ್ತದೆ.

ಪ್ರಶ್ನೆ: ಎಲ್ಲ ಸಂಶೋಧನೆಗೂ ಪ್ರಾಕ್ಕಲ್ಪನೆ (ದತ್ತಾಂಶದಿಂದ ಪರೀಕ್ಷಿಸಿ ನೋಡಬೇಕಾದ ಮುನ್ನೂಹೆ) ಇರಲೇಬೇಕೇ?

ಉತ್ತರ: ಇಲ್ಲ. ಇತಿಹಾಸ, ಸಾಹಿತ್ಯ ಮತ್ತು ಹೊಸ ಕ್ಷೇತ್ರವೊಂದನ್ನು ಮೊದಲ ಬಾರಿ ಪರಿಶೀಲಿಸುವ ಅಧ್ಯಯನಗಳಿಗೆ ಸ್ಪಷ್ಟವಾದ ಪ್ರಶ್ನೆಗಳೇ ಸಾಕಾಗಬಹುದು. ನಮೂನೆಯಲ್ಲಿ ಜಾಗ ಬಿಟ್ಟಿದ್ದಾರೆಂಬ ಕಾರಣಕ್ಕೆ ಪ್ರಾಕ್ಕಲ್ಪನೆಯನ್ನು ತುಂಬುವುದು ವ್ಯರ್ಥ. ಬರೆಯುವುದಾದರೆ ಅದು ಸುಳ್ಳಾಗಲು ಅವಕಾಶವಿರುವಂತೆ ಬರೆಯಿರಿ. ‘ಶಿಕ್ಷಣದಲ್ಲಿ ಶಿಕ್ಷಕರ ಪಾತ್ರ ಮಹತ್ವದ್ದಾಗಿದೆ’ ಎಂಬುದನ್ನು ಯಾವ ದತ್ತಾಂಶವೂ ಅಲ್ಲಗಳೆಯಲಾರದು, ಆದ್ದರಿಂದ ಅದು ಪ್ರಾಕ್ಕಲ್ಪನೆಯಲ್ಲ. ದತ್ತಾಂಶವನ್ನು ನೋಡುವ ಮೊದಲೇ ಅದನ್ನು ಬರೆದಿಡುವುದು ಕಡ್ಡಾಯ. ಫಲಿತಾಂಶ ಬಂದ ಮೇಲೆ ಅದಕ್ಕೆ ಹೊಂದುವಂತೆ ಬರೆದು ಮುನ್ನವೇ ಊಹಿಸಿದ್ದೆನೆಂದು ತೋರಿಸುವುದು ಅಪ್ರಾಮಾಣಿಕತೆಯೇ ಆಗುತ್ತದೆ. ನಡುವೆ ಹೊಸದೇನಾದರೂ ಕಂಡುಬಂದರೆ ಅದನ್ನು ಅನಿರೀಕ್ಷಿತವಾಗಿ ಕಂಡದ್ದೆಂದೇ ಬೇರೆಯಾಗಿ ದಾಖಲಿಸಿ.