ತುಂಬುಬಾಳಿನ ನಂತರದ ದುಃಖ: ಮಗಳ ಅಮ್ಮ, ಮೊಮ್ಮಗಳ ಅಜ್ಜಿ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಯಸ್ಸು, ವೃತ್ತಿ ಮತ್ತು ಕುಟುಂಬದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಆಪ್ತಸಲಹೆಗೆ ಬಂದವರು 66 ವರ್ಷದ, ಕೆಲಸದಿಂದ ನಿವೃತ್ತರಾದ ಮಹಿಳೆ ಮತ್ತು ಅವರ 34 ವರ್ಷದ ಮಗಳು. ತೀರಿಕೊಂಡವರು ಹಿರಿಯಾಕೆಯ ತಾಯಿ, ಕಿರಿಯಾಕೆಯ ಅಜ್ಜಿ. ತೀರಿಕೊಂಡಾಗ ಅವರಿಗೆ 91 ವರ್ಷ. ಬಂದ ಇಬ್ಬರನ್ನು ಇಲ್ಲಿ ಮಗಳು, ಮೊಮ್ಮಗಳು ಎಂದೇ ಕರೆಯುತ್ತೇನೆ.

ಸಾವು ಸಂಭವಿಸಿ ನಾಲ್ಕು ತಿಂಗಳಾಗಿತ್ತು. ಬಂಧುಗಳೆಲ್ಲ ಸೇರಿ ಒಂದು ಚಿಕ್ಕ ನೆನಪಿನ ಪುಸ್ತಕ ತರುವುದೆಂದು ತೀರ್ಮಾನವಾಗಿ, ಮುಖ್ಯ ಲೇಖನದ ಹೊಣೆ ಸಹಜವಾಗಿಯೇ ಮಗಳ ಪಾಲಿಗೆ ಬಂದಿತ್ತು. ಆದರೆ ಅವರು ಬರೆಯಲು ಕುಳಿತಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದುದು ತಾಯಿಯ ಕೊನೆಯ ಆರು ವರ್ಷಗಳು ಮಾತ್ರ: ಮರೆವಿನ ಕಾಯಿಲೆ, ರಾತ್ರಿಯೆಲ್ಲ ಎಚ್ಚರ, ಹೆತ್ತ ಮಗಳನ್ನೇ ನೋಡಿ "ನೀನು ಯಾರು?" ಎಂದು ಕೇಳಿದ ದಿನಗಳು. ಇತ್ತ ಮೊಮ್ಮಗಳು ಒಂದೇ ರಾತ್ರಿಯಲ್ಲಿ ಮೂರು ಪುಟ ಬರೆದು ತಾಯಿಯ ಕೈಗಿತ್ತಳು. ಅದರಲ್ಲಿದ್ದವರು ಎಂದೂ ದನಿ ಏರಿಸದ, ಕೇಳಿದಾಗಲೆಲ್ಲ ಕಥೆ ಹೇಳುತ್ತಿದ್ದ ಅಜ್ಜಿ. ಓದಿ ಮುಗಿಸಿದ ಮಗಳು, "ಇದು ನಿನ್ನ ಅಜ್ಜಿ ಇರಬಹುದು, ನನ್ನ ಅಮ್ಮ ಅಲ್ಲ" ಎಂದು ಹಾಳೆಗಳನ್ನು ಹಿಂದಿರುಗಿಸಿದರು. ಅಲ್ಲಿಂದ ಮುಂದೆ ಇಬ್ಬರ ನಡುವೆ ಮಾತು ಬೇಕಾದಷ್ಟಕ್ಕೆ ಮಾತ್ರ ಉಳಿಯಿತು.

ಮೊದಲ ಭೇಟಿಯಲ್ಲಿ ಮಗಳು ಹೆಚ್ಚು ಹೇಳಿದ್ದು ತಮ್ಮ ನಾಚಿಕೆಯ ಬಗ್ಗೆ. ಬಂದವರೆಲ್ಲರೂ "ತುಂಬು ಜೀವನ ನಡೆಸಿದರು, ಇನ್ನೇನು ಬೇಕು" ಎನ್ನುತ್ತಿದ್ದರಂತೆ. ಹಾಗಿರುವಾಗ ಈ ವಯಸ್ಸಿನಲ್ಲಿ ತಾನು ಅಳುವುದು ಅತಿಯಾಯಿತೇನೋ ಎಂಬ ಅಳುಕು ಅವರದು. ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ, ಸುತ್ತಲಿನವರು ಮನ್ನಣೆ ಕೊಡದ ದುಃಖವನ್ನು ಒಂದು ಬಗೆಯೆಂದೇ ಗುರುತಿಸಿ ಬರೆದರು. ವೃದ್ಧರ ಸಾವಿನ ದುಃಖ ಹಲವು ಬಾರಿ ಆ ಗುಂಪಿಗೇ ಸೇರಿಬಿಡುತ್ತದೆ. ಸಮಾಧಾನ ಹೇಳುವವರ ಉದ್ದೇಶ ಒಳ್ಳೆಯದೇ. ಆದರೂ ಈ ಸಮಾಧಾನದ ಲೆಕ್ಕ ತಲೆಕೆಳಗಾದದ್ದು ಎಂಬುದು ನನ್ನ ಅಭಿಪ್ರಾಯ. ತಾಯಿ 91 ವರ್ಷ ಬದುಕಿದರೆಂದರೆ ಮಗಳು 66 ವರ್ಷ ಮಗಳಾಗಿದ್ದರು ಎಂದರ್ಥ. ಅಷ್ಟು ಕಾಲದ ಸಂಬಂಧ ಮುಗಿದಾಗ ದುಃಖ ಕಡಿಮೆಯಾಗಿರಬೇಕು ಎನ್ನಲು ಕಾರಣವೇ ಇಲ್ಲ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ನಿದ್ರೆ, ಹಸಿವು, ದಿನನಿತ್ಯದ ಕೆಲಸ, ಬದುಕು ಬೇಡವೆನ್ನಿಸುವ ಯೋಚನೆ, ನಿಯಮಿತವಾಗಿ ಸೇವಿಸಬೇಕಾದ ಔಷಧಿ, ಇವೆಲ್ಲವನ್ನೂ ವಿಚಾರಿಸಿದೆ. ನಿದ್ರೆ ಕೆಟ್ಟಿತ್ತು, ಉಳಿದದ್ದು ತಕ್ಕಮಟ್ಟಿಗೆ ಸರಿಯಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಯಲ್ಲಿದ್ದು, ದೀರ್ಘಕಾಲದ ಶೋಕವನ್ನು ಒಂದು ಅಸ್ವಸ್ಥತೆಯೆಂದು ಪರಿಗಣಿಸಲು ತೀವ್ರ ಲಕ್ಷಣಗಳು ಕನಿಷ್ಠ 6 ತಿಂಗಳು ಉಳಿದಿರಬೇಕು ಎನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ವಯಸ್ಕರಿಗೆ 12 ತಿಂಗಳ ಮಿತಿಯನ್ನು ಇಟ್ಟಿದೆ. ಇವರದು ರೋಗವಲ್ಲ, ದಣಿವಿನ ಮೇಲೆ ಬಂದೆರಗಿದ ದುಃಖ ಎಂದು ನನಗನ್ನಿಸಿತು. ಆದರೂ ನಿದ್ರೆಯ ವಿಷಯವಾಗಿ ವೈದ್ಯರನ್ನು ಕಾಣುವಂತೆ ಹೇಳಿದೆ, ಮತ್ತು ಬದುಕು ಬೇಡವೆನ್ನಿಸಿದರೆ ಯಾವ ಅವಧಿಗೂ ಕಾಯದೆ ಕೂಡಲೇ ತಿಳಿಸಬೇಕೆಂದು ಇಬ್ಬರಿಗೂ ಸ್ಪಷ್ಟಪಡಿಸಿದೆ.

ಮೊಮ್ಮಗಳು ಎಲ್ಲಿಯೋ ಓದಿಕೊಂಡು ಬಂದಿದ್ದಳು. "ದುಃಖಕ್ಕೆ ಐದು ಹಂತ ಇವೆಯಂತಲ್ಲ ಮೇಡಂ, ಅಮ್ಮ ಈಗ ಯಾವುದರಲ್ಲಿದ್ದಾಳೆ?" ಎಂದು ಕೇಳಿದಳು. ಈ ಪ್ರಶ್ನೆ ಪದೇ ಪದೇ ಬರುವುದರಿಂದ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಮನೋವೈದ್ಯೆ ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಮುಂದಿಟ್ಟ ಆ ಐದು ಹಂತಗಳು (ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಕೊಳ್ಳುವಿಕೆ) ಹುಟ್ಟಿದ್ದು ಸಾವನ್ನು ಎದುರುನೋಡುತ್ತಿದ್ದ ರೋಗಿಗಳ ಜೊತೆ ನಡೆಸಿದ ಮಾತುಕತೆಯಿಂದ. ಅಗಲಿಕೆಯ ದುಃಖಕ್ಕೆ ಅದನ್ನು ಅನ್ವಯಿಸಿದ್ದು ಆಮೇಲೆ. ಎಲ್ಲರೂ ಅದೇ ಕ್ರಮದಲ್ಲಿ ಹತ್ತಿ ಇಳಿಯಬೇಕೆಂಬ ನಿಯಮವೇನೂ ಇಲ್ಲ. ನನ್ನ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದ ನೋಟ. ಅವರ ಪ್ರಕಾರ ದುಃಖಿಸುವವರು ಅಗಲಿದವರ ನೆನಪಿನತ್ತ ಒಮ್ಮೆ, ಬದುಕಿನ ಹೊಸ ವ್ಯವಸ್ಥೆಯತ್ತ ಒಮ್ಮೆ ತೂಗಾಡುತ್ತಿರುತ್ತಾರೆ, ಮತ್ತು ಆ ತೂಗಾಟವೇ ಆರೋಗ್ಯಕರ.

ಎರಡನೆಯ ಭೇಟಿಗೆ ಮಗಳು ಒಬ್ಬರೇ ಬಂದರು. ಬಹಳ ಹೊತ್ತು ಸುಮ್ಮನಿದ್ದು, ಕೊನೆಯ ತಿಂಗಳುಗಳಲ್ಲಿ "ಒಮ್ಮೆ ಮುಗಿದುಹೋದರೆ ಸಾಕು" ಎಂದು ಅನ್ನಿಸಿತ್ತೆಂದು ಹೇಳಿ ಅತ್ತರು. ಮುಗಿದಾಗ ಮೊದಲು ಬಂದದ್ದು ನಿಟ್ಟುಸಿರಂತೆ, ಅಳು ಅಲ್ಲ. ಮರೆವಿನ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಂಡವರಲ್ಲಿ ಈ ಬಿಡುಗಡೆಯ ಭಾವ ತೀರ ಸಾಮಾನ್ಯವಾದದ್ದು. ಅವರು ಬಯಸಿದ್ದು ತಾಯಿಯ ಸಾವನ್ನಲ್ಲ, ನರಳಾಟದ ಕೊನೆಯನ್ನು. ಹೀಗೆಂದು ಹೇಳಿದರೂ ಅದು ಒಂದೇ ಮಾತಿಗೆ ಮನಸ್ಸಿಗೆ ಇಳಿಯುವಂಥದ್ದಲ್ಲ. ಅದಕ್ಕಾಗಿ ತಾಯಿಗೇ ಒಂದು ಪತ್ರ ಬರೆಯಲು ಹೇಳಿದೆ: ಯಾರಿಗೂ ತೋರಿಸಬೇಕಿಲ್ಲ, ಪುಸ್ತಕಕ್ಕೂ ಅಲ್ಲ, ದಣಿವು, ಸಿಟ್ಟು, ನಿಟ್ಟುಸಿರು ಎಲ್ಲವೂ ಅದರಲ್ಲಿರಬಹುದು.

ಆದರೆ ಮೊಮ್ಮಗಳ ಮೂರು ಪುಟಗಳ ಮೇಲಿನ ಸಿಟ್ಟಿಗೆ ಬೇರೆಯೇ ಬೇರು ಇತ್ತು. ಮಗಳು ಹುಟ್ಟಿದಾಗ ತಾಯಿಗೆ 25 ವರ್ಷ. ಕೈತುಂಬ ಕೆಲಸ, ಕೈಯಲ್ಲಿ ಹಣವಿಲ್ಲ, ಬೇಗ ಸಿಟ್ಟು, ಕೆಲವೊಮ್ಮೆ ಏಟು. ಮೊಮ್ಮಗಳು ಹುಟ್ಟುವ ಹೊತ್ತಿಗೆ ಅದೇ ಹೆಂಗಸಿಗೆ 57. ಹೊಣೆ ಇಳಿದಿತ್ತು, ಬಿಡುವು ಬಂದಿತ್ತು. "ಅವಳಿಗೆ ಹೇಳಿದ ಕಥೆಗಳಲ್ಲಿ ಒಂದನ್ನಾದರೂ ನನಗೆ ಹೇಳಬಹುದಿತ್ತಲ್ಲ" ಎಂದರು ಮಗಳು. ಸ್ವಂತ ಮಗಳ ಮೇಲೆಯೇ ಹೊಟ್ಟೆಕಿಚ್ಚು ಎಂದು ತಾವೇ ಹೆಸರಿಟ್ಟು ತಲೆ ತಗ್ಗಿಸಿದರು. ಇಂಥ ಮಾತನ್ನು ಬಾಯಿಬಿಟ್ಟು ಹೇಳಲು ಧೈರ್ಯ ಬೇಕು. ದೀರ್ಘಾಯುಷಿಗಳ ಕುಟುಂಬಗಳಲ್ಲಿ ಇದು ಇರುವುದು ಹೆಚ್ಚು, ಹೊರಗೆ ಬರುವುದು ಕಡಿಮೆ. ಉದ್ಯೋಗಕ್ಕೆಂದು ದೂರದಲ್ಲಿದ್ದ ಮೊಮ್ಮಗಳು ಕಾಯಿಲೆಯ ವರ್ಷಗಳನ್ನು ಹತ್ತಿರದಿಂದ ಕಂಡಿರಲಿಲ್ಲವಾದ್ದರಿಂದ ಅವಳ ಅಜ್ಜಿ ಹಾಗೆಯೇ ಉಳಿದಿದ್ದರು. ಮಗಳಿಗೋ ಹಳೆಯ ಕಠಿಣ ತಾಯಿ ಮತ್ತು ಕೊನೆಯ ಅಸಹಾಯಕ ತಾಯಿ, ಈ ಎರಡರ ನಡುವಿನದೆಲ್ಲ ಮಸುಕಾಗಿತ್ತು. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1990ರ ದಶಕದ ಪ್ರಯೋಗಗಳಲ್ಲಿ, ನೋವಿನ ಅನುಭವವನ್ನು ಹಿಂತಿರುಗಿ ಅಳೆಯುವಾಗ ಅದರ ತೀವ್ರ ಕ್ಷಣ ಮತ್ತು ಕೊನೆಯ ಭಾಗ ಹೆಚ್ಚು ತೂಗುತ್ತವೆ, ಅವಧಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂದು ತೋರಿಸಿದರು. ಅವರು ಪರಿಶೀಲಿಸಿದ್ದು ಅಲ್ಪಕಾಲದ ಅನುಭವಗಳನ್ನು. ಒಂದಿಡೀ ಆಯುಷ್ಯದ ನೆನಪಿಗೂ ಇಂಥದ್ದೇ ಆಗುವುದನ್ನು ನಾನು ಈ ಕೋಣೆಯಲ್ಲಿ ಕಾಣುತ್ತಿರುತ್ತೇನೆ.

ಇಬ್ಬರನ್ನೂ ಕೂಡಿಸಿಕೊಂಡು ಕೊಟ್ಟ ಸಲಹೆ ಇಷ್ಟು. ಪುಸ್ತಕಕ್ಕೆ ಗಡುವು ಬೇಡ. ಒಂದೇ ಲೇಖನದಲ್ಲಿ ಎಲ್ಲರೂ ಒಪ್ಪುವ ಒಬ್ಬ ತಾಯಿಯನ್ನು ಕಟ್ಟುವ ಪ್ರಯತ್ನವೂ ಬೇಡ. ಇಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಬರೆಯಲಿ, ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದದಿರಲಿ. 34 ವರ್ಷದ ಮೊಮ್ಮಗಳು ಕಂಡದ್ದು ಸುಳ್ಳಲ್ಲ, 66 ವರ್ಷದ ಮಗಳು ಕಂಡದ್ದೂ ಸುಳ್ಳಲ್ಲ. ಮಗಳು ಕೊನೆಯಿಂದ ಹಿಂದಕ್ಕೆ ಹೋಗುವ ಬದಲು ಮೊದಲಿನಿಂದ ಬರಲಿ, "ಅಮ್ಮ ಹೇಗಿದ್ದಳು" ಎಂಬ ದೊಡ್ಡ ಪ್ರಶ್ನೆಯನ್ನು ಬಿಟ್ಟು, ಅವಳು ಬೆಳಿಗ್ಗೆ ಎದ್ದಕೂಡಲೇ ಏನು ಮಾಡುತ್ತಿದ್ದಳು, ಯಾರ ಕಾಗದಕ್ಕೆ ಕಾಯುತ್ತಿದ್ದಳು, ಯಾವ ಮಾತಿಗೆ ನಗುತ್ತಿದ್ದಳು ಎಂಬಂಥ ಸಣ್ಣ ಪ್ರಶ್ನೆಗಳನ್ನು ಹಿಡಿಯಲಿ. ದಿನದಲ್ಲಿ ಇದಕ್ಕೆಂದು ಒಂದಿಷ್ಟು ಹೊತ್ತು ಇಟ್ಟುಕೊಂಡು, ಆಮೇಲೆ ಎದ್ದು ಬೇರೆ ಕೆಲಸಕ್ಕೆ ಹೋಗಲಿ.

ಇವೆಲ್ಲಕ್ಕಿಂತ ಮುಖ್ಯವಾಗಿ, ತಾಯಿಯ ತಂಗಿ ಇನ್ನೂ ಇದ್ದಾರೆಂದು ತಿಳಿದಾಗ ಅವರನ್ನು ತಡಮಾಡದೆ ಮಾತಾಡಿಸಿ ಎಂದೆ. 84 ವರ್ಷದ ಅವರಿಗೆ ಮೊನ್ನೆಯದು ಮರೆಯುತ್ತಿದ್ದರೂ ಹಳೆಯದು ನೆನಪಿತ್ತು. ವಯಸ್ಸಾದವರಿಗೆ ಸುಮಾರು 10ರಿಂದ 30ರ ಪ್ರಾಯದ ಘಟನೆಗಳು ಬೇರೆ ಕಾಲದವಕ್ಕಿಂತ ಹೆಚ್ಚಾಗಿ ನೆನಪಿಗೆ ಬರುತ್ತವೆ ಎಂಬುದನ್ನು ನೆನಪಿನ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಿ, ಇಸವಿ ತಪ್ಪಿದರೆ ತಿದ್ದಬೇಡಿ, ಮಾತು ಅಡ್ಡದಾರಿ ಹಿಡಿದರೆ ಹೋಗಲು ಬಿಡಿ, ದಣಿದ ಸೂಚನೆ ಕಂಡರೆ ನಿಲ್ಲಿಸಿ ಎಂದು ಹೇಳಿಕೊಟ್ಟೆ.

ಮಗಳು, ಮೊಮ್ಮಗಳು ಒಟ್ಟಿಗೇ ಅವರ ಬಳಿ ಹೋದರು. ತಾಯಿಗೆ 19 ವರ್ಷವಿದ್ದಾಗ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತ್ತು, ತಂದೆ ಹಾಸಿಗೆ ಹಿಡಿದದ್ದರಿಂದ ಹಿರಿಯ ಮಗಳಾದ ಅವರು ಹೋಗಲಿಲ್ಲ ಎಂಬ ಸಂಗತಿ ಆ ದಿನ ಹೊರಬಂತು. 66 ವರ್ಷ ಮಗಳಾಗಿದ್ದವರಿಗೆ ಇದು ಗೊತ್ತಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ತಾಯಿ ಮಗಳ ಗಣಿತದ ಪುಸ್ತಕ ತೆರೆದು ಕೂರುತ್ತಿದ್ದುದು ಮಗಳಿಗೆ ನೆನಪಾಯಿತು. ತಪ್ಪು ಹುಡುಕಿ ಬೈಯಲು ಎಂದು ಆಗ ತಿಳಿದಿದ್ದರಂತೆ. "ಲೆಕ್ಕ ಮಾಡುವುದು ಅವಳಿಗೇ ಇಷ್ಟವಿತ್ತೋ ಏನೋ" ಎಂದರು ನನ್ನ ಮುಂದೆ. ಸ್ವಲ್ಪ ಹೊತ್ತಿನ ನಂತರ, "ಹಾಗಿದ್ದರೂ ಹೊಡೆದದ್ದು ಹೊಡೆದದ್ದೇ" ಎಂದೂ ಸೇರಿಸಿದರು. ನಾನು ಕ್ಷಮಿಸಿಬಿಡಿ ಎನ್ನಲಿಲ್ಲ. ಕಾರಣ ತಿಳಿದ ಮಾತ್ರಕ್ಕೆ ನೋವು ಅಳಿಸಿಹೋಗಬೇಕೆಂದು ಒತ್ತಾಯಿಸುವುದು ಆಪ್ತಸಲಹೆಯ ಕೆಲಸವಲ್ಲ. 1996ರಲ್ಲಿ ಡೆನಿಸ್ ಕ್ಲಾಸ್ ಎಂಬ ವಿದ್ವಾಂಸರು ಮತ್ತು ಸಹಲೇಖಕರು, ಅಗಲಿದವರೊಡನೆ ಸಂಬಂಧ ಕಡಿದುಕೊಳ್ಳುವುದೇ ದುಃಖದ ಗುರಿಯೆಂಬ ಹಳೆಯ ನಂಬಿಕೆಯನ್ನು ಪ್ರಶ್ನಿಸಿ, ಆ ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುತ್ತದೆಂದು ವಾದಿಸಿದರು. ಮುಂದುವರಿಯುವ ಸಂಬಂಧದಲ್ಲಿ ಜಗಳವೂ ಮುಂದುವರಿಯಬಹುದು ಎಂದಷ್ಟೇ ಮಗಳಿಗೆ ಹೇಳಿದೆ, ಅವರು ನಕ್ಕರು.

ಈಗ ಮಗಳ ನಿದ್ರೆ ಸುಧಾರಿಸಿದೆ, ಬರಹ ಐದಾರು ಪುಟಕ್ಕೆ ಬಂದಿದೆ. ಮೊಮ್ಮಗಳು ತನ್ನ ಮೂರು ಪುಟಗಳನ್ನು ಹಾಗೆಯೇ ಉಳಿಸಿಕೊಂಡು, ಅಜ್ಜಿ ಕಾಯಿಲೆಯಲ್ಲಿದ್ದಾಗ ತಾನು ಬರದೆ ಉಳಿದದ್ದನ್ನು ಕೊನೆಗೆ ಒಂದು ಪ್ಯಾರಾದಲ್ಲಿ ಬರೆದಿದ್ದಾಳೆ. ಆದರೆ ಏಟಿನ ಪ್ರಸಂಗ ಪುಸ್ತಕದಲ್ಲಿ ಇರಕೂಡದೆಂದು ಮಗಳ ತಮ್ಮ ಹಟ ಹಿಡಿದಿದ್ದಾರೆ. ಇಡುವುದೋ ಬಿಡುವುದೋ ಬರೆದವರೇ ತೀರ್ಮಾನಿಸಬೇಕು, ಆದರೆ ತಮ್ಮನ ಅಮ್ಮ ಯಾರಾಗಿದ್ದರೆಂದು ಅವರನ್ನೂ ಒಮ್ಮೆ ಕೇಳಿ ನೋಡಿ ಎಂದಿದ್ದೇನೆ. ಮುಂದಿನ ಭೇಟಿಗೆ ಅವರನ್ನೂ ಕರೆತರಲು ಇಬ್ಬರೂ ಒಪ್ಪಿದ್ದಾರೆ.